ಒಣದ್ರಾಕ್ಷಿ ನಿರ್ದೋಷಿ

ಹೆದರಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನಂಬಿದವನು ನಾನು. ನಮ್ಮ ಸೀಮೆಯ ಜನರಿಗೆ ಆ ಯೋಗ್ಯತೆ ಇಲ್ಲ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಬ್ರೇಕು ಹತ್ತದ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಜೋರಾಗಿ ಹಾಡು ಹಚ್ಚಿಕೊಂಡು ಕೃಷ್ಣೆಯ ಸೇತುವೆ ದಾಟುವವರು ಇವರು. ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧವನ್ನು ಮೊಳಕೈವರೆಗೆ ಕೈ ಮುಳುಗಿಸಿ ಕಲಸಿ, ಆ ಕೈಯನ್ನು ಧೋತರಕ್ಕೆ ಒರೆಸಿ, ಅದೇ ಅಂಗೈಯಲ್ಲಿ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುವವರು ಇವರು. ಇಂಥ ಗಂಡೆದೆಯ ಜನ, ರಷ್ಯಾದ ಕಡೆ ಎಲ್ಲೋ ಒಂದು ಅಣುಸ್ಥಾವರ ಒಡೆಯಿತಂತೆ, ಅದರ ಧೂಳು ಗಾಳಿಯಲ್ಲಿ ಹಾರಿ ಯುರೋಪಿನ ಹುಲ್ಲಿನ ಮೇಲೆ ಬಿತ್ತಂತೆ, ಆ ಹುಲ್ಲು ಮೇಯ್ದ ಆಕಳ ಹಾಲಿನ ಪುಡಿ ಹಡಗಿನಲ್ಲಿ ಮುಂಬಯಿಗೆ ಬಂತಂತೆ ಎಂಬ ಸುದ್ದಿ ಕೇಳಿ ನಡುಗಿಬಿಟ್ಟರು. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ, ಕಪ್ಪು ಹೊಗೆ ಬಿಡುವ ಬಸ್ಸಿನ ಹಿಂದೆಯೇ ನಿಂತು, ಬೀಡಿ ಸೇದುತ್ತ, "ಇನ್ನ ಏನ್ ತಿನ್ನೂದು, ಏನ್ ಬಿಡೂದು ತಿಳೀವಲ್ದಪಾ" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.

ನನಗೆ ಮಾತ್ರ ಆ ನಡುಕ ಶುಕ್ರದೆಸೆಯಾಗಿ ಬಂತು. ಆಗ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಊರಿನಲ್ಲಿ ಕೋರ್ಟು ಇರುವುದರಿಂದ ವಕೀಲರಿಗೆ ಮರ್ಯಾದೆ ಇತ್ತು, ರೋಗಗಳು ಇರುವುದರಿಂದ ಡಾಕ್ಟರರಿಗೆ ಮರ್ಯಾದೆ ಇತ್ತು. ಭೌತಶಾಸ್ತ್ರಕ್ಕೆ ಮರ್ಯಾದೆ ಕೊಡಲು ಯಾರಿಗೂ ಕಾರಣವೇ ಸಿಕ್ಕಿರಲಿಲ್ಲ. ಮನೆಯ ಫ್ಯೂಸು ಹೋದಾಗ ಮಾತ್ರ ನೆರೆಯವರು, "ಸರ, ನೀವು ಕರೆಂಟಿಂದ ಓದೀರಲ್ಲ, ಒಂದೀಟು ಬಂದ ನೋಡ್ರಿ" ಎಂದು ಕರೆಯುತ್ತಿದ್ದರು. ನನ್ನ ಪ್ರಯೋಗಾಲಯದ ಕಪಾಟಿನಲ್ಲಿ ಒಂದು ಗೈಗರ್ ಕೌಂಟರ್ ಇತ್ತು. ಅದೇನೂ ಬ್ರಹ್ಮವಿದ್ಯೆಯಲ್ಲ. ಒಂದು ಕೊಳವೆ, ಅದರ ಕೆಳಗೆ ಪದಾರ್ಥ ಇಡಲು ಒಂದು ತಟ್ಟೆ, ಪಕ್ಕದಲ್ಲಿ ಅಂಕಿ ತೋರಿಸುವ ಪೆಟ್ಟಿಗೆ. ಪದಾರ್ಥದಿಂದ ವಿಕಿರಣದ ಒಂದು ಕಣ ಹಾರಿ ಬಂದು ಕೊಳವೆಯನ್ನು ಹೊಕ್ಕರೆ ಪೆಟ್ಟಿಗೆ 'ಟಿಕ್' ಎನ್ನುತ್ತದೆ, ಅಂಕಿ ಒಂದು ಮುಂದೆ ಹೋಗುತ್ತದೆ. ವರ್ಷಕ್ಕೊಮ್ಮೆ ಹುಡುಗರ ಪ್ರಾಯೋಗಿಕ ಪರೀಕ್ಷೆಗೆ ಅದನ್ನು ಹೊರಗೆ ತೆಗೆದು, ಜೇಡರ ಬಲೆ ಒರೆಸಿ, ಮತ್ತೆ ಒಳಗಿಡುತ್ತಿದ್ದೆವು. ಹಾಲಿನ ಪುಡಿಯ ಸುದ್ದಿ ಬಂದ ಮೇಲೆ ನಮ್ಮ ಪ್ರಿನ್ಸಿಪಾಲರು, ಅಲ್ಲಿಯವರೆಗೆ ಪ್ರಯೋಗಾಲಯದ ದಿಕ್ಕಿಗೂ ತಲೆಹಾಕದವರು, ಹಲ್ಲು ಕಿರಿಯುತ್ತ ಬಂದು, "ಪಾಟೀಲರ, ಆ ಯಂತ್ರ ನಮ್ಮ ಕಾಲೇಜಿನಾಗೂ ಐತೇನ್ರಿ?" ಎಂದು ಕೇಳಿದರು. ಸಂಜೆಯೊಳಗೆ ಆ ಮಾತು ಊರಿಗೆಲ್ಲ ಹೋಯಿತು.

ಮರುದಿನದಿಂದ ನನ್ನ ಪ್ರಯೋಗಾಲಯ ಸಂತೆಯಾಯಿತು. ಒಬ್ಬ ವಕೀಲರು ಹಾಲಿನ ಪುಡಿಯ ಡಬ್ಬಿಯನ್ನು ಕರವಸ್ತ್ರದಲ್ಲಿ ಹಿಡಿದು, ತೋಳು ಚಾಚಿ ಮೈಯಿಂದ ದೂರ ಹಿಡಿದುಕೊಂಡು ಬಂದರು. ಅವರ ಇನ್ನೊಂದು ಕೈಯಲ್ಲಿ ಸಿಗರೇಟು ಉರಿಯುತ್ತಿತ್ತು. ಹೋಟೆಲಿನವನೊಬ್ಬ ಚಹಾಪುಡಿ ತಂದು, ಇದರಲ್ಲಿ ಏನೂ ಇಲ್ಲ ಎಂದು ಒಂದು ಚೀಟಿ ಬರೆದುಕೊಟ್ಟರೆ ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಫೋಟೋದ ಪಕ್ಕ ಹಚ್ಚುತ್ತೇನೆ ಎಂದ. ಅವನ ಚಹಾದಲ್ಲಿ ಏನೂ ಇಲ್ಲವೆಂಬುದು ಊರಿಗೇ ಗೊತ್ತಿದ್ದ ಸಂಗತಿ. ನದಿ ದಂಡೆಯ ಸತ್ತಿ ಗ್ರಾಮದ ರೈತನೊಬ್ಬ ಬಾಟಲಿಯಲ್ಲಿ ಕೃಷ್ಣೆಯ ನೀರು ತಂದ. ಅದರಲ್ಲಿ ಬರಿಗಣ್ಣಿಗೇ ಕಾಣುವ ಎರಡು ಹುಳ ಈಜುತ್ತಿದ್ದವು. ನಾನು ಅವನ್ನು ತೋರಿಸಿದೆ. "ಅವು ದಿನಾ ಇರತಾವ ಬಿಡ್ರಿ ಸರ, ನೀವು ರಷ್ಯಾದ್ದ ನೋಡ್ರಿ" ಎಂದ. ನಾನು ನೋಡಿದೆ. ಎಲ್ಲವನ್ನೂ ನೋಡಿದೆ. ಅತಿ ಸೂಕ್ಷ್ಮ ಪ್ರಮಾಣದ ವಿಕಿರಣ ಅಳೆಯಲು ಸೀಸದ ಗೋಡೆಯ ಹಿಂದೆ ಇಟ್ಟ ದೊಡ್ಡ ದೊಡ್ಡ ಯಂತ್ರಗಳು ಬೇಕು, ನನ್ನ ಪೆಟ್ಟಿಗೆ ಹುಡುಗರ ಆಟಿಕೆ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಈ ಜನರಿಗೆ ನಾನು ತಿಳಿಸಿ ಹೇಳಲು ಸೋತದ್ದು ಒಂದೇ ಮಾತು. ತಟ್ಟೆ ಖಾಲಿ ಇದ್ದರೂ ಕೌಂಟರ್ ಟಿಕ್ ಎನ್ನುತ್ತದೆ. ಮಣ್ಣಿನಲ್ಲಿ, ಗೋಡೆಯ ಕಲ್ಲಿನಲ್ಲಿ, ಆಕಾಶದಲ್ಲಿ, ನಮ್ಮ ನಿಮ್ಮ ಎಲುಬಿನಲ್ಲಿ, ಎಲ್ಲ ಕಡೆ ಒಂದಿಷ್ಟು ವಿಕಿರಣ ಹುಟ್ಟಿನಿಂದಲೇ ಇದೆ. ಆದ್ದರಿಂದ ಮೊದಲು ಖಾಲಿ ತಟ್ಟೆಯ ಲೆಕ್ಕ ತೆಗೆಯಬೇಕು, ಆಮೇಲೆ ಪದಾರ್ಥ ಇಟ್ಟು ಅಷ್ಟೇ ಹೊತ್ತು ಎಣಿಸಬೇಕು, ಒಂದರಿಂದ ಇನ್ನೊಂದನ್ನು ಕಳೆಯಬೇಕು. ವಿಕಿರಣ ಕಡಿಮೆ ಇದ್ದಷ್ಟೂ ಹೆಚ್ಚು ಹೊತ್ತು ಎಣಿಸಬೇಕು. ಈ ಶಾಸ್ತ್ರದಲ್ಲಿ ಜಾಣತನಕ್ಕಿಂತ ತಾಳ್ಮೆ ದೊಡ್ಡದು. ಇದನ್ನು ಹೇಳಿದರೆ ವಕೀಲರು, "ಖಾಲಿ ಇದ್ರೂ ಸಪ್ಪಳ ಮಾಡತೈತಿ ಅಂದ್ರ ನಿಮ್ಮ ಟೇಬಲ್ಲಿನ ಜಾಗಾನ ಸರಿ ಇಲ್ಲರಿ" ಎಂದರು. ಪ್ರಿನ್ಸಿಪಾಲರು ಅದನ್ನು ನಂಬಿ ಮೇಜನ್ನು ಈಶಾನ್ಯಕ್ಕೆ ಸರಿಸಿದರು. ಅಲ್ಲಿಯೂ ಅದು ಟಿಕ್ ಎಂದಿತು. ಆ ಎಲ್ಲ ತಿಂಗಳುಗಳಲ್ಲಿ ನಿಜವಾಗಿ ಕೌಂಟರನ್ನು ಗಡಗಡ ನಡುಗಿಸಿದ್ದು ಒಂದೇ ವಸ್ತು: ಮದುವೆಯ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ನಡೆಯುವ ಪೆಟ್ರೋಮ್ಯಾಕ್ಸಿನ ಮ್ಯಾಂಟಲ್, ಎಂದರೆ ಗಾಜಿನೊಳಗೆ ಉರಿಯುವ ಆ ಬಿಳಿ ಜಾಳಿಗೆ. ಅದರಲ್ಲಿ ಥೋರಿಯಮ್ ಎಂಬ ವಿಕಿರಣ ಬೀರುವ ಧಾತು ಇರುತ್ತದೆ. ನಾನು ಇದನ್ನು ತೋರಿಸಿದಾಗ ಎಲ್ಲರೂ ನಕ್ಕರು. "ಅದು ದೀಪರಿ ಸರ" ಎಂದರು. ಅಜ್ಜನ ಕಾಲದಿಂದ ಮನೆಯಲ್ಲಿರುವ ವಸ್ತುವಿಗೆ ಹೆದರುವುದು ನಮ್ಮವರಲ್ಲಿ ಪದ್ಧತಿಯಿಲ್ಲ.

ಇಷ್ಟು ಹೇಳಿದ್ದು ನನ್ನ ಆಗಿನ ಮನಃಸ್ಥಿತಿ ನಿಮಗೆ ತಿಳಿಯಲಿ ಎಂದು. ಮಾವನ ಮನೆಯ ಪ್ರಕರಣ ನಡೆದದ್ದು ಆ ಭರದಲ್ಲಿಯೇ. ನನ್ನ ಹೆಂಡತಿ ಪದ್ಮಾಳ ತವರು ಮಂಗಸೂಳಿ. ಮಾವ ನೇಮಣ್ಣನವರದು ಅಲ್ಲಿ ದ್ರಾಕ್ಷಿ ತೋಟ. ಆ ವರ್ಷ ಅವರು ಮೊದಲ ಬಾರಿಗೆ ಶೆಡ್ಡು ಕಟ್ಟಿ, ದ್ರಾಕ್ಷಿಯನ್ನು ನೆರಳಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಿದ್ದರು. ಅದೇ ವರ್ಷ ಪದ್ಮಾಳ ತಂಗಿ ಶೋಭಾಳಿಗೆ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಭೂಪಾಲಣ್ಣನವರ ಮಗ ಅಜಿತ ಗೊತ್ತಾದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದರು, ಇಬ್ಬರಿಗೂ ಒಪ್ಪಿಗೆಯಾಗಿತ್ತು. ಶೋಭಾಳಿಗಂತೂ ಎಷ್ಟು ಒಪ್ಪಿಗೆಯಾಗಿತ್ತೆಂದರೆ ನಿಪ್ಪಾಣಿ ಎಂಬ ಶಬ್ದ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಉಳಿದದ್ದು ಸಾಖರಪುಡಾ ಒಂದೇ. ನಮ್ಮ ಗಡಿಭಾಗದಲ್ಲಿ ನಿಶ್ಚಿತಾರ್ಥಕ್ಕೆ ಹಾಗೆನ್ನುತ್ತಾರೆ. ಎರಡೂ ಮನೆಯವರು ಎದುರುಬದುರು ಕುಳಿತು ಒಂದೇ ತಟ್ಟೆಯ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಮಾತು ಗಟ್ಟಿಯಾಯಿತು. ಹಾಕಿಕೊಳ್ಳದಿದ್ದರೆ ಎಷ್ಟು ಸೀರೆ ಉಡಿಸಿದರೂ, ಎಷ್ಟು ಕಾಯಿ ಒಡೆದರೂ ಮಾತು ಮಾತಾಗಿಯೇ ಉಳಿಯುತ್ತದೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಾವು ಜೈನರು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಿರಿಯರು ನೀರನ್ನೂ ಮುಟ್ಟುವುದಿಲ್ಲ; ಮರುದಿನ ಸೂರ್ಯನ ಮುಖ ಕಂಡ ಮೇಲೆಯೇ. ಭೂಪಾಲಣ್ಣನಂಥವರು ಕೊಲ್ಲಾಪುರದ ಹೋಟೆಲುಗಳಲ್ಲಿ ಯಾವ ಹೊತ್ತಿಗೆ ಏನು ತಿನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೆ ಮುದಿ ತಾಯಿ ಜೊತೆಗಿದ್ದಾಗ ಅವರೂ ಸೂರ್ಯನಿಗೆ ಅಂಜುವವರೇ.

ಸಾಖರಪುಡಾಕ್ಕೆ ಹೊರಡುವ ದಿನ ನಾನು ಕೌಂಟರನ್ನು ಹಳೆಯ ರಜಾಯಿಯಲ್ಲಿ ಸುತ್ತಿ ಬಸ್ಸಿಗೆ ಏರಿಸಿದೆ. ಮಾವನ ಮನೆಯಲ್ಲಿ ನನ್ನ ವಿದ್ಯೆಯನ್ನು ತೋರಿಸಲು ಅವಕಾಶ ಸಿಕ್ಕದೆ ಒಂಬತ್ತು ವರ್ಷ ಕಳೆದಿದ್ದವು. ಆ ಮನೆಯಲ್ಲಿ ದೊಡ್ಡ ಅಳಿಯನೆಂದರೆ ಹೋಳಿಗೆಗೆ ತುಪ್ಪ ಹೆಚ್ಚು ಹಾಕಿಸಿಕೊಳ್ಳುವವನು, ಅಷ್ಟೇ. ಪದ್ಮಾ ರಜಾಯಿ ಮುಟ್ಟಿ ನೋಡಿ, "ಇದನ್ಯಾಕ ತೊಗೊಂಡೀರಿ? ಅವರು ಸಕ್ಕರಿ ತಿನ್ನಾಕ ಬರತಾರ, ನಿಮ್ಮ ಮಷೀನ ನೋಡಾಕ ಅಲ್ಲ" ಎಂದಳು. ಹೆಂಗಸರ ಇಂಥ ಸಂಕುಚಿತ ದೃಷ್ಟಿಗೆ ನಾನು ಉತ್ತರ ಕೊಡುವುದಿಲ್ಲ.

ನಿಪ್ಪಾಣಿಯವರು ಮಧ್ಯಾಹ್ನಕ್ಕೇ ಬರಬೇಕಿತ್ತು. ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಿದ್ದು, ಅವರ ಎರಡು ಜೀಪುಗಳು ಮಂಗಸೂಳಿ ಮುಟ್ಟುವಾಗ ಬಿಸಿಲು ಆಗಲೇ ಅಂಗಳದಿಂದ ಗೋಡೆಗೆ ಏರಿತ್ತು. ಮಾವ ಆಕಾಶ ನೋಡಿ, "ಮದಲ ಸಕ್ಕರಿ, ಆಮ್ಯಾಲೆ ಲಗೂನ ಊಟ" ಎಂದು ತೀರ್ಮಾನಿಸಿದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅಜಿತ ತಲೆ ತಗ್ಗಿಸಿ ಕುಳಿತ. ಅವನ ಅಜ್ಜಿ, ಮನೆಯವರೆಲ್ಲ ಆಯಿ ಎಂದು ಕರೆಯುವ ಎಂಬತ್ತರ ಮುದುಕಿ, ಗೋಡೆಗೆ ಒರಗಿ ಕುಳಿತು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡತೊಡಗಿದರು. ಒಳಗಿನಿಂದ ತುಪ್ಪದ, ಏಲಕ್ಕಿಯ, ಹೋಳಿಗೆಯ ವಾಸನೆ ಬರುತ್ತಿತ್ತು. ಮಾವ ಬೆಳ್ಳಿಯ ತಟ್ಟೆ ತಂದರು. ಅದರಲ್ಲಿ ಸಕ್ಕರೆ, ಸಕ್ಕರೆಯ ಮೇಲೆ ಅವರ ತೋಟದ ಮೊದಲ ಒಣದ್ರಾಕ್ಷಿ, ಹಸಿರಾಗಿ, ಉದ್ದುದ್ದವಾಗಿ. ಭೂಪಾಲಣ್ಣ ಒಂದು ದ್ರಾಕ್ಷಿ ಎತ್ತಿಕೊಂಡು ಬೆಳಕಿಗೆ ಹಿಡಿದು ನಕ್ಕರು.

"ಬೀಗರ, ತಪ್ಪ ತಿಳಕೋಬ್ಯಾಡ್ರಿ. ಹಾಲಿನ ಪುಡಿ ಆತು, ಇನ್ನ ಒಣಹಣ್ಣಿನ್ಯಾಗೂ ಆ ರೇಡಿಯೇಶನ್ ಬಂದೈತಿ ಅಂತ ನಮ್ಮ ಪ್ಯಾಟ್ಯಾಗ ಮಾತಾಡಾಕತ್ತಾರ."

"ಇದು ನಮ್ಮ ತ್ವಾಟದ್ದರಿ. ರಷ್ಯಾದ ಗಾಳಿ ಇಲ್ಲೀತನ ಬರಬೇಕಂದ್ರ ಕಾಗವಾಡದಾಗ ಬಸ್ ಬದಲ ಮಾಡಬೇಕಾಕ್ಕೈತಿ" ಎಂದರು ಮಾವ.

ಎಲ್ಲರೂ ಹೋ ಎಂದು ನಕ್ಕರು. ಭೂಪಾಲಣ್ಣನೂ ನಕ್ಕು, ದ್ರಾಕ್ಷಿಯನ್ನು ಬಾಯಿಯ ಹತ್ತಿರ ಒಯ್ದರು. ಇನ್ನು ಎರಡು ಬೆರಳು ಅಂತರ ಇತ್ತು. ಆಗ ನಾನು "ತಡೀರಿ" ಎಂದೆ.

ಯಾಕೆ ಎಂದಿರಾ? ವಿಜ್ಞಾನದ ಪ್ರಶ್ನೆಯನ್ನು ಬಸ್ಸಿನ ತಮಾಷೆಯಿಂದ ಮುಗಿಸುವುದು ನನಗೆ ಸೇರದು. ಒಬ್ಬ ತಂಬಾಕಿನ ವ್ಯಾಪಾರಿ, ನಿಪ್ಪಾಣಿಯ ಜನಕ್ಕೆಲ್ಲ ಸೀನು ಬರಿಸುವ ಗೋದಾಮಿನ ಮಾಲೀಕ, ನನ್ನ ಮಾವನ ದ್ರಾಕ್ಷಿಯ ಶುದ್ಧತೆಯನ್ನು ಸಂಶಯಿಸುವುದೆಂದರೇನು? ಸಂಶಯ ಬಂದ ಮೇಲೆ ಪರೀಕ್ಷೆಯಾಗಬೇಕು. ನಾನು ಎದ್ದು ಹೋಗಿ ರಜಾಯಿ ಬಿಚ್ಚಿ, ಕೌಂಟರನ್ನು ಪಡಸಾಲೆಯ ನಡುವೆ ಮಣೆಯ ಮೇಲೆ ಇಟ್ಟೆ. ಎಲ್ಲರ ಮುಖದಲ್ಲಿ ಒಂದು ಗಾಂಭೀರ್ಯ ಬಂತು. ಭೂಪಾಲಣ್ಣ ದ್ರಾಕ್ಷಿಯನ್ನು ತಿರುಗಿ ತಟ್ಟೆಯಲ್ಲಿ ಇಟ್ಟರು.

ಮೊದಲು ಖಾಲಿ ತಟ್ಟೆ. ಟಿಕ್... ಟಿಕ್ ಟಿಕ್... ಟಿಕ್. "ಏನೂ ಇಡದನ ಒದರಾಕತ್ತೈತಲ್ಲ?" ಎಂದು ಯಾರೋ ಕೇಳಿದರು. ನಾನು ಆಕಾಶ, ಮಣ್ಣು, ಗೋಡೆಗಳ ವಿಷಯ ವಿವರಿಸಿದೆ. ಆಗ ಆಯಿ ಮೊದಲ ಬಾರಿಗೆ ಬಾಯಿ ತೆರೆದರು.

"ಅಲ್ಲೋ ತಮ್ಮಾ, ನೀರಿನ್ಯಾಗ ಕಣ್ಣಿಗೆ ಕಾಣದ ಜೀವ ಇರತಾವಂತ ನಾವು ಅರಿವ್ಯಾಗ ಸೋಸಿ ಕುಡೀತೇವು. ನಿನ್ನ ಮಷೀನ ಸೋಸತೈತೇನು?"

"ಇಲ್ಲಾಯಿ, ಎಣಸತೈತಿ ಅಷ್ಟ."

"ಎಣಿಸಿ?"

"ಎಣಿಸಿ ಹೇಳತೈತಿ."

"ಹೇಳಿ?"

ಅಶಿಕ್ಷಿತರ ಜೊತೆ ವಾದಕ್ಕೆ ಇಳಿಯಬಾರದು ಎಂದು ನಾನು ಮಾತು ನಿಲ್ಲಿಸಿ ಅಂಕಿ ನೋಡತೊಡಗಿದೆ. ಖಾಲಿ ತಟ್ಟೆಯ ಲೆಕ್ಕ ಇನ್ನೇನು ಮುಗಿಯಬೇಕು, ಕರೆಂಟು ಹೋಯಿತು. ನಮ್ಮ ಸೀಮೆಯಲ್ಲಿ ಕರೆಂಟು ಹೋಗುವುದಕ್ಕೆ ಕಾರಣ ಬೇಕಾಗಿಲ್ಲ, ಬರುವುದಕ್ಕೆ ಬೇಕು. "ಇರ್ಲಿ ಬಿಡ್ರಿ ಜಾವಾಯಿಬಾಪು, ಆತಲ್ಲ" ಎಂದು ಮಾವ ಅಳಿಯನನ್ನು ಸಮಾಧಾನಪಡಿಸಿದರು. ಏನು ಆಯಿತು? ಅರ್ಧ ಎಣಿಕೆ ಎಂದರೆ ಎಣಿಕೆಯೇ ಅಲ್ಲ. ಕರೆಂಟು ಬಂತು. ನಾನು ಸೊನ್ನೆಯಿಂದ ಸುರು ಮಾಡಿದೆ. ಖಾಲಿ ತಟ್ಟೆ ಮುಗಿಯಿತು. ಹೋಲಿಕೆಗೆಂದು ಅದೇ ಮನೆಯ ಗೋಧಿ ಇಟ್ಟೆ. ಅದೂ ಮುಗಿಯಿತು. ಒಣದ್ರಾಕ್ಷಿ ಇಟ್ಟೆ. ಅಂಕಿ ಸ್ವಲ್ಪ ಮುಂದೆ ಓಡಿದಂತೆ ಕಂಡಿತು. ಎಲ್ಲರೂ ಮಣೆಯ ಹತ್ತಿರಕ್ಕೆ ಸರಿದರು. ನನಗೆ ಕಾರಣ ಗೊತ್ತಿತ್ತು. ದ್ರಾಕ್ಷಿಯಲ್ಲಿ ಪೊಟ್ಯಾಶಿಯಮ್ ಹೆಚ್ಚು; ಒಣಗಿಸಿದರೆ ಇನ್ನೂ ದಟ್ಟವಾಗುತ್ತದೆ; ಪೊಟ್ಯಾಶಿಯಮ್ಮಿನಲ್ಲಿ ಹುಟ್ಟಾ ಒಂದಿಷ್ಟು ವಿಕಿರಣ ಇದ್ದೇ ಇರುತ್ತದೆ. ರಷ್ಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಹೇಳಿದೆ. "ಪೊಟ್ಯಾಶ್ ಅಂದ್ರ ನಾವು ಹೊಲಕ್ಕ ಹಾಕೂದ ಹೌದಲ್ಲ? ಗೊಬ್ಬರ ಹಣ್ಣಿನ್ಯಾಗ ಬಂತೇನು?" ಎಂದು ಭೂಪಾಲಣ್ಣನ ತಮ್ಮ ಕೇಳಿದರು. ಮಾವನ ಮುಖ ಬಿಳಿಚಿತು. ಇಂಥ ಮೂರ್ಖ ಪ್ರಶ್ನೆ ಹುಟ್ಟಿದ ಮೇಲೆ ಒಂದೇ ಎಣಿಕೆಗೆ ನಿಲ್ಲಿಸುವುದು ಮಾವನ ಮಾನದ ಪ್ರಶ್ನೆ ಎಂದು ನನಗೆ ಅನ್ನಿಸಿತು. ಎರಡನೆಯ ಎಣಿಕೆಯ ನಡುವೆ ಮತ್ತೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಸೊನ್ನೆಯಿಂದ, ಅದು ಮುಗಿದ ಮೇಲೆ ಮೂರನೆಯದು.

ಅಡಿಗೆಮನೆಯ ಬಾಗಿಲಲ್ಲಿ ಪದ್ಮಾ ಬಂದು ನಿಂತು ಕೈಸನ್ನೆ ಮಾಡುತ್ತಿದ್ದಳು. ಒಮ್ಮೆ ಕಿಟಕಿಯ ಕಡೆ ಬೆರಳು ತೋರಿದಳು, ಒಮ್ಮೆ ಬಾಯಿಯ ಕಡೆ ಕೈ ಒಯ್ದಳು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ವಿದ್ಯೆಯನ್ನು ಕಂಡು ಬೆರಗಾಗಿದ್ದಾಳೆ ಎಂದು ತಿಳಿದು ನಾನು ತಲೆದೂಗಿ ಎಣಿಕೆಗೆ ತಿರುಗಿದೆ. ಮಾವ ಎರಡು ಸಲ ಕೆಮ್ಮಿದರು. ಕೆಮ್ಮಿಗೆ ಲೆಕ್ಕ ತಪ್ಪುತ್ತದೆ ಎಂದು ಗದರಿಸಿದೆ. ಕೊನೆಗೆ ಒಣದ್ರಾಕ್ಷಿಯ ಮೂರೂ ಎಣಿಕೆ ಒಂದಕ್ಕೊಂದು ತಾಳೆಯಾದವು. ಗೋಧಿಗಿಂತ ತುಸು ಮೇಲೆ, ಯಾವ ಒಣಹಣ್ಣಿಗೂ ಇರತಕ್ಕಷ್ಟು, ಅದರಾಚೆ ಏನೂ ಇಲ್ಲ. ನಾನು ತಲೆ ಎತ್ತಿ, ಕೋರ್ಟಿನಲ್ಲಿ ತೀರ್ಪು ಹೇಳುವವರ ಧಾಟಿಯಲ್ಲಿ, "ಒಣದ್ರಾಕ್ಷಿ ನಿರ್ದೋಷಿ! ಎಲ್ಲರೂ ತಿನ್ನಬಹುದು" ಎಂದು ಸಾರಿದೆ.

ಯಾರೂ ಕೈ ಚಾಚಲಿಲ್ಲ. ನನ್ನ ಮುಂದಿನ ಅಂಕಿಗಳು ಯಾಕೆ ಅಷ್ಟು ಸ್ಪಷ್ಟವಾಗಿ ಹೊಳೆಯುತ್ತಿವೆ ಎಂದು ನೋಡಿದರೆ, ಪಡಸಾಲೆ ಕತ್ತಲಾಗಿತ್ತು. ಹೊರಗೆ ದನ ಮನೆಗೆ ಬರುತ್ತಿದ್ದವು. ಆಯಿ ಪಶ್ಚಿಮದ ಕಿಟಕಿಯತ್ತ ನೋಡಿ, ಕೈ ಮುಗಿದು, "ಹೊತ್ತ ಮುಳುಗಿತು" ಎಂದರು. ಅಷ್ಟೇ. ಬೆಳ್ಳಿ ತಟ್ಟೆಯ ಸಕ್ಕರೆ ಹಾಗೆಯೇ ಉಳಿಯಿತು. ಒಳಗೆ ಇಪ್ಪತ್ತು ಜನರ ಎಲೆ ಹಾಕಿತ್ತು, ಹೋಳಿಗೆ ಬೇಯಿಸಿ ಬೇಯಿಸಿ ಅತ್ತೆಯ ಕೈ ಸುಟ್ಟಿತ್ತು. ಅದರಲ್ಲಿ ಒಂದು ತುತ್ತೂ ಯಾರ ಬಾಯಿಗೂ ಹೋಗುವಂತಿರಲಿಲ್ಲ. ಭೂಪಾಲಣ್ಣ ಎದ್ದು ಟೊಪ್ಪಿಗೆ ಸರಿಪಡಿಸಿಕೊಂಡರು.

"ಬೀಗರ, ಸಿಟ್ಟಿಲ್ಲರಿ ನನಗ. ಆದ್ರ ನಮ್ಮ ಅವ್ವ ಉಪಾಸ ಹೊಂಟಾಳ ನಿಮ್ಮ ಮನಿಯಿಂದ. ಸಕ್ಕರಿ ಬಾಯಿಗೆ ಬೀಳಲಿಲ್ಲ ಅಂದ ಮ್ಯಾಲೆ ಮಾತೂ ಬಿದ್ದಿಲ್ಲ ಅಂತ ತಿಳೀರಿ."

ಜೀಪುಗಳು ಹೋದವು. ಅಜಿತ ಒಮ್ಮೆ ತಿರುಗಿ ನೋಡಿದ. ಯಾರನ್ನು ಎಂದು ಹೇಳಬೇಕಾಗಿಲ್ಲ. ನಾನು ಕೌಂಟರನ್ನು ರಜಾಯಿಯಲ್ಲಿ ಸುತ್ತುತ್ತಿದ್ದಾಗ ಶೋಭಾ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಡಿದ ಹೂವು ಹಾಗೆಯೇ ಇತ್ತು. "ಮಾಮಾ, ಅವರು ಒಂದ ಹಳಕ ಸಕ್ಕರಿ ಬಾಯಾಗ ಹಾಕ್ಕೊಳ್ಳೂ ತನಕ ಸುಮ್ಮ ಕುಂಡ್ರಾಕ ಆಗಲಿಲ್ಲೇನ್ರಿ ನಿಮಗ?" ಎಂದಳು. ಆಮೇಲೆ ಅತ್ತಳು. ನನಗೆ ಬಹಳ ಕೆಟ್ಟದೆನಿಸಿತು. ಆ ಹುಡುಗಿ ಲಂಗ ಹಾಕುತ್ತಿದ್ದಾಗಿನಿಂದ ನನ್ನ ಸೈಕಲ್ಲಿನ ಮುಂದೆ ಕುಳಿತು ಬೆಳೆದವಳು. ಆದರೂ ನಾನು ಹೇಳಿದ್ದು ಏನೆಂದರೆ, ತಪ್ಪು ಕರೆಂಟಿನವರದು, ಸೇತುವೆಯ ಮೇಲೆ ಬಿದ್ದ ಟ್ರ್ಯಾಕ್ಟರಿನದು, ವಿಜ್ಞಾನದ್ದಲ್ಲ. ಅವಳು ಕೇಳಿಸಿಕೊಳ್ಳಲಿಲ್ಲ.

ಮುಂದಿನ ದಿನಗಳನ್ನು ನೆನೆಸಿಕೊಂಡರೆ ನನಗೆ ಇಂದಿಗೂ ನಮ್ಮ ಜನರ ಬುದ್ಧಿಯ ಬಗ್ಗೆ ಮರುಕ ಹುಟ್ಟುತ್ತದೆ. ರಾಯಬಾಗದಲ್ಲಿ, ನೇಮಣ್ಣನ ದ್ರಾಕ್ಷಿಯನ್ನು ಅವನ ಅಳಿಯನೇ ಕೆಟ್ಟದ್ದೆಂದು ಹಿಡಿದುಕೊಟ್ಟ ಎಂಬ ಸುದ್ದಿ ಹರಡಿತು. ಅಥಣಿಯಲ್ಲಿ, ಮಷೀನು ಹುಡುಗಿಯ ಮುಂದೆ ಹಿಡಿದಾಗ ಸಪ್ಪಳ ಮಾಡಿತಂತೆ ಎಂದಾಯಿತು. ನಿರ್ದೋಷಿ ಎಂದು ನಾನು ಸಾರಿದ್ದು ಮಾತ್ರ ಯಾವ ಊರಿಗೂ ಹೋಗಲಿಲ್ಲ. ನಿಪ್ಪಾಣಿಯಿಂದ ಒಂದು ಮಾತೂ ಬರಲಿಲ್ಲ. ಪದ್ಮಾ ನನಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೊನೆಗೆ ಮಾವ ಒಂದು ದಿನ ಕೋರ್ಟಿನ ಕೆಲಸಕ್ಕೆಂದು ಚಿಕ್ಕೋಡಿಗೆ ಬಂದವರು ನಮ್ಮ ಮನೆಯ ಹೊಸ್ತಿಲಲ್ಲೇ ನಿಂತು, "ಕೆಡಿಸಿದವರು ನೀವು, ಸರಿ ಮಾಡೂದೂ ನಿಮಗ ಸೇರಿದ್ದು. ನಿಪ್ಪಾಣಿಗೆ ಹೋಗಿ ಬರ್ರಿ. ಮಷೀನ ಒಯ್ಯಬ್ಯಾಡ್ರಿ" ಎಂದರು. ಕೊನೆಯ ಮಾತನ್ನು ಎರಡು ಸಲ ಹೇಳಿದರು.

ಒಂದು ದಿನ ಕಾಲೇಜು ಮುಗಿಸಿ, ಮಧ್ಯಾಹ್ನದ ಊಟಕ್ಕೂ ಹೋಗದೆ, ಸಿಕ್ಕ ಬಸ್ಸಿಗೆ ಹತ್ತಿದೆ. ನಿಪ್ಪಾಣಿಯಲ್ಲಿ ಇಳಿದು ನಾಲ್ಕು ಸಲ ಸೀನಿ, ಕಣ್ಣೊರೆಸಿಕೊಂಡು ಭೂಪಾಲಣ್ಣನವರ ಮನೆ ಮುಟ್ಟಿದೆ. ಅವರು ಗೋದಾಮಿಗೆ ಹೋಗಿದ್ದರು. ಆಯಿ ತೂಗುಮಣೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಮುಖ ಸಿಂಡರಿಸಲಿಲ್ಲ. "ಬಾರೋ ತಮ್ಮಾ, ಕುಂಡ್ರು" ಎಂದರು. ನಾನು ಸಿದ್ಧ ಮಾಡಿಕೊಂಡು ಬಂದ ಮಾತನ್ನು ತೆಗೆಯುವಷ್ಟರಲ್ಲಿ, "ಆ ಮಾತ ಆಮ್ಯಾಲೆ. ಉಂಡ ಹೋಗೀಯಂತ. ಒಳಗ ಅಡಿಗಿ ಆಗಾಕತ್ತೈತಿ. ಅಲ್ಲೀತನ ಆ ಮಷೀನದ್ದ ಹೇಳು. ಅವತ್ತ ನನಗ ಬರಾಬರಿ ತಿಳೀಲಿಲ್ಲ" ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಡೀ ಸೀಮೆಯಲ್ಲಿ, ವಕೀಲರು, ಪ್ರಿನ್ಸಿಪಾಲರು, ಪದವೀಧರರು ಯಾರೂ ಕೇಳದ್ದನ್ನು ಅಕ್ಷರ ಬಾರದ ಮುದುಕಿ ಕೇಳುತ್ತಿದ್ದರು. ನಾನು ಸುರು ಮಾಡಿದೆ. ಅಣುವಿನ ಒಳಗೇನಿದೆ ಎಂಬಲ್ಲಿಂದ ಹಿಡಿದೆ. ಆಯಿ ತೂಗುಮಣೆ ನಿಲ್ಲಿಸಿ ಕೇಳಿದರು. ಅವರ ಪ್ರಶ್ನೆಗಳು ಎಂಥವು! "ಕಣ ಹಾರಿ ಬರತೈತಿ ಅಂದಿ, ಹಾರಿ ಹೋದ ಮ್ಯಾಲೆ ಮೂಲದಾಗ ಕಡಿಮಿ ಆಗೂದಿಲ್ಲೇನು?" ಎಂದರು. ನಾನು ಪುಳಕಗೊಂಡು ಅರ್ಧಾಯುಷ್ಯದ ನಿಯಮ ಹೇಳಿದೆ. "ಹಂಗಾರ ಒಂದೊಂದ ವಸ್ತುವಿನ ಆಯುಷ್ಯ ಒಂದೊಂದ ನಮೂನಿ ಏನು?" ಎಂದರು. ನಾನು ಒಂದೊಂದನ್ನೇ ಹೇಳಿದೆ. ಸೊಸೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಏನೋ ಹೇಳಲು ಹೋದರೆ ಆಯಿ ಕೈ ಎತ್ತಿ ತಡೆದರು. ನನ್ನ ಮಾತಿಗೆ ಭಂಗ ಬರಬಾರದೆಂಬ ಅವರ ಕಾಳಜಿಗೆ ನನ್ನ ಕಣ್ಣು ಒದ್ದೆಯಾಯಿತು. ಸೊಸೆ ಇನ್ನೊಮ್ಮೆ ಬಂದರು. ಇನ್ನೊಮ್ಮೆ ಆ ಕೈ ಮೇಲೆದ್ದಿತು. ಒಳಗಿನಿಂದ ಕಟ್ಟಿನ ಸಾರಿನ ಒಗ್ಗರಣೆಯ ವಾಸನೆ ಬಂದು ನನ್ನ ಹೊಟ್ಟೆ ಗುರುಗುಟ್ಟಿತು. ಹಿತ್ತಲ ಪಡಸಾಲೆಯಲ್ಲಿ ಮಣೆ ಹಾಕಿ, ತಂಬಿಗೆಯಲ್ಲಿ ನೀರು ಇಟ್ಟಿದ್ದೂ ಕಾಣುತ್ತಿತ್ತು. ಆದರೆ ಆಯಿ, "ಒಂದೀಟು ಉಳೀತಲ್ಲೋ, ಅದ್ಯಾವದೋ ಕಳೀಬೇಕ ಅಂದೆಲ್ಲ, ಖಾಲಿ ತಟ್ಟಿ ಲೆಕ್ಕ?" ಎಂದು ಕೇಳಿದ ಮೇಲೆ ಊಟದ ವಿಚಾರ ಎಲ್ಲಿಯದು? ಅದು ನನ್ನ ಮೆಚ್ಚಿನ ಅಧ್ಯಾಯ. ನಾನು ಕಣ್ಣು ಮುಚ್ಚಿ ಹೇಳುತ್ತ ಹೋದೆ.

ಕಣ್ಣು ತೆರೆದಾಗ ಆಯಿ ತೂಗುಮಣೆಯಿಂದ ಇಳಿದು ಪಶ್ಚಿಮಕ್ಕೆ ಮುಖ ಮಾಡಿ ಕೈ ಮುಗಿಯುತ್ತಿದ್ದರು.

"ಅಯ್ಯ, ಹೊತ್ತ ಮುಳುಗಿತಲ್ಲೋ ತಮ್ಮಾ! ಇನ್ನ ನಮ್ಮ ಮನ್ಯಾಗ ನೀರ ಸೈತ ಕೊಡಾಕ ಬರಂಗಿಲ್ಲ."

ನಾನು ಅವರನ್ನೇ ನೋಡಿದೆ. ಮುಖದಲ್ಲಿ ನಗೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಿತ್ತಲಲ್ಲಿ ಸೊಸೆ ಮಣೆಯನ್ನೂ ತಂಬಿಗೆಯನ್ನೂ ಎತ್ತಿಕೊಂಡು ಒಳಗೆ ಹೋದರು.

"ಅವತ್ತ ನಾನೂ ಹಿಂಗ ಒಣಾ ಬಾಯಿಲೆ ಜೀಪಿನ್ಯಾಗ ಕುಂತ ಬಂದಿನಿ" ಎಂದರು ಆಯಿ. "ಈಗ ಬರಾಬರಿ ಆತು. ಹೋಗಿ ಬೀಗರಿಗೆ ಹೇಳು, ಬರೂ ವಾರ ಮುಂಜಾನಿ ಎಳಿ ಬಿಸಿಲಾಗ ಬರತೇವು. ಸಕ್ಕರಿ ತಯಾರ ಇಡ್ರಿ. ಆ ಒಣದ್ರಾಕ್ಷಿನೂ ಇರ್ಲಿ. ಹುಡುಗಿ ಛೊಲೋ ಐತಿ, ನಮ್ಮ ಅಜಿತ ಎಂಟ ದಿನ ಆತು, ಸರಿಯಾಗಿ ಉಂಡಿಲ್ಲ."

ಸಂತೋಷವೂ ಆಯಿತು, ಮುಖಭಂಗವೂ ಆಯಿತು, ಎಲ್ಲಕ್ಕಿಂತ ಹೆಚ್ಚು ಹಸಿವೆಯಾಯಿತು. ಶೋಭಾಳ ಮುಖ ನೆನಪಾಗಿ ಎದೆ ಹಗುರಾಯಿತು ಎಂಬುದು ನಿಜ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಪ್ಲೇಟು ಮಿರ್ಚಿ ಭಜಿ ಹೊಡೆಯಬೇಕೆಂದು ಅದೇ ಕ್ಷಣ ನಿಶ್ಚಯಿಸಿದೆ ಎಂಬುದೂ ನಿಜ. ಪದ್ಮಾಳ ಅಡಿಗೆಮನೆಗೆ ಸೂರ್ಯನೊಂದಿಗೇ ಬೀಗ ಬೀಳುತ್ತದೆ. ಹೋಟೆಲಿನವನಿಗೆ ಸೂರ್ಯನ ಹಂಗಿಲ್ಲ, ನಾನೋ ವಿಜ್ಞಾನಿ. ನಮಸ್ಕಾರ ಮಾಡಿ ಹೊಸ್ತಿಲು ದಾಟುವಷ್ಟರಲ್ಲಿ ಆಯಿ ಒಳಗೆ ಕೂಗಿದರು.

"ಅಜಿತಾ, ಸರನ್ನ ಬಸ್ಸಿಗೆ ಕುಂಡ್ರಿಸಿ ಬಾರೋ. ಬಸ್ ಬಿಡೂತನ ಅಲ್ಲೇ ನಿಂದ್ರು."

ಆಜ್ಞಾಧಾರಕ ಹುಡುಗ. ಹೋಟೆಲಿನ ಮುಂದೆ ಭಜಿಯ ಬುಟ್ಟಿ ಹಬೆಯಾಡುತ್ತಿತ್ತು. ನಾನು ಅಲ್ಲಿ ಎರಡು ಹೆಜ್ಜೆ ನಿಧಾನ ಮಾಡಿದರೆ ಅವನೂ ವಿನಯದಿಂದ ನಿಧಾನ ಮಾಡಿದ. ಆಗತಾನೆ ಕೂಡಿಕೊಂಡ ಸಂಬಂಧ. ಹುಡುಗಿಯ ಕಡೆಯ ಹಿರಿಯ ಅಳಿಯ, ಹೊತ್ತು ಮುಳುಗಿದ ಮೇಲೆ, ಹುಡುಗನ ಕಣ್ಣೆದುರಿಗೆ ಭಜಿ ತಿನ್ನುವುದು ಸಾಧ್ಯವೇ? ಬಸ್ಸಿನಲ್ಲಿ ಹೋಗಿ ಕುಳಿತೆ. ಅವನು ಹೊರಗೆ ಕಿಟಕಿಯ ಸರಳು ಹಿಡಿದು ನಿಂತ. ಡ್ರೈವರ್ ಹತ್ತಿ ಕುಳಿತ ಮೇಲೆ, ತಂಬಾಕಿನ ಧೂಳು ಹಿಡಿದ ತನ್ನ ಅಂಗಿಯ ಗುಂಡಿ ತಿರುವುತ್ತ, ಮೆಲ್ಲಗೆ ಕೇಳಿದ:

"ಸರ, ಅವತ್ತ ಆ ಒಣದ್ರಾಕ್ಷಿ... ಛೊಲೋ ಇದ್ದೂ ಹೌದಲ್ಲರಿ?"

ಅವನು ಕೇಳುತ್ತಿದ್ದುದು ಒಣದ್ರಾಕ್ಷಿಯ ವಿಷಯವಲ್ಲ ಎಂಬುದು ನನ್ನಂಥವನಿಗೂ ತಿಳಿಯಿತು.

"ಛೊಲೋ ಇದ್ದೂ" ಎಂದೆ.

ಅವನ ಮುಖ ಅರಳಿತು. ನನ್ನ ಇಡೀ ನೌಕರಿಯಲ್ಲಿ ಇಷ್ಟು ಚಿಕ್ಕ ಉತ್ತರದಿಂದ ಇಷ್ಟು ದೊಡ್ಡ ಪರಿಣಾಮವಾದದ್ದನ್ನು ನಾನು ಕಂಡಿರಲಿಲ್ಲ. ಬಸ್ಸು ಗುರ್ ಎಂದಿತು. ಅಷ್ಟರಲ್ಲಿ ನನಗೆ, ಎಣಿಕೆಯಲ್ಲಿ ಆಚೀಚೆ ಆಗಬಹುದಾದ ವ್ಯತ್ಯಾಸದ ಮಾತನ್ನು ಈ ಹುಡುಗನಿಗೆ ಹೇಳಲೇ ಇಲ್ಲವಲ್ಲ, ಅದಿಲ್ಲದೆ ಉತ್ತರ ಅಪೂರ್ಣವಲ್ಲವೇ ಎನ್ನಿಸಿ, ಹಸಿದ ಹೊಟ್ಟೆ ಹಿಡಿದುಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಡಿ, ಅಜಿತಾ, ಅದರಾಗ ಇನ್ನೊಂದ ವಿಷಯ ಐತಿ..." ಎಂದು ಸುರು ಮಾಡಿದೆ. ಡ್ರೈವರ್ ದೊಡ್ಡ ಮನಸ್ಸು ಮಾಡಿ ಬಸ್ಸು ಬಿಟ್ಟ.